ನೀರೋ, ಉಪ್ಪೋ, ನೆರಳೋ? ದೊಡ್ಡವರ ಮೈ ಒಣಗುವ ಪ್ರಶ್ನೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ ಬಿಸಿಲಿನ ಜಿಲ್ಲೆಯಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಬಿಸಿಗಾಳಿ ಎಂದು ಘೋಷಿಸುವ ಹಾಗಿಲ್ಲ. ನಂದಿಬೆಟ್ಟದ ಸುತ್ತಲಿನ ಈ ಎತ್ತರದ ನೆಲದಲ್ಲಿ ಏಪ್ರಿಲ್ ಕೊನೆಗೂ ಪಾದರಸ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ರಾಯಚೂರಿನವರು ಬಂದರೆ ಇದೂ ಒಂದು ಬಿಸಿಲೇ ಎಂದು ನಕ್ಕಾರು. ಆದರೂ ಬೇಸಿಗೆ ಬಂತೆಂದರೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕ್ಲಿನಿಕ್ಕುಗಳ ಬೆಂಚಿನ ಮೇಲೆ ಕೇಳಿಬರುವ ಮಾತು ಒಂದೇ: ‘ಸುಸ್ತು ಸಾರ್, ಎದ್ರೆ ಕಣ್ಣು ಕತ್ಲೆ ಬರುತ್ತೆ. ಒಂದು ಗ್ಲೂಕೋಸ್ ಹಾಕ್ಬಿಡಿ.’

ಕಾರಣ ಇಷ್ಟೇ. ಮೈಯನ್ನು ಒಣಗಿಸುವ ಬಿಸಿಯನ್ನೆಲ್ಲ ಸೂರ್ಯನೇ ಕೊಡಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ಬೇಯುವ ಗೂಡಿನ ಹಬೆಯ ಮುಂದೆ ಕೂತು ನೂಲು ಬಿಚ್ಚುವವರಿಗೆ ಡಿಸೆಂಬರಿನಲ್ಲೂ ಬೇಸಿಗೆಯೇ. ಚಿಕ್ಕಬಳ್ಳಾಪುರದ ಪಾಲಿಹೌಸಿನೊಳಗೆ ಗುಲಾಬಿ ಕೊಯ್ಯುವವರು, ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕ್ರೇಟು ಹೊರುವ ಹಮಾಲರು, ಕಲ್ಲು ಕ್ವಾರಿಯವರು, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ತಗಡಿನ ಚಾವಣಿಯಡಿ ನಿಲ್ಲುವವರು ಎಲ್ಲರೂ ಥರ್ಮಾಮೀಟರಿಗೆ ಕಾಣದ ಬಿಸಿಯಲ್ಲಿ ದುಡಿಯುತ್ತಾರೆ. ಇದಕ್ಕೆ ವಾಂತಿ-ಭೇದಿ, ಜ್ವರ, ಸಕ್ಕರೆ ಕಾಯಿಲೆ, ಮುಪ್ಪು ಸೇರಿಕೊಂಡರೆ ಮೈಯ ನೀರು ಸೋರಿಹೋಗಲು ದಾರಿ ಹಲವು. ಎಲ್ಲದಕ್ಕೂ ಸಿಗುವ ಸಲಹೆ ಮಾತ್ರ ಒಂದೇ: ‘ನೀರು ಜಾಸ್ತಿ ಕುಡೀರಿ.’ ಆ ಸಲಹೆ ಎಷ್ಟರ ಮಟ್ಟಿಗೆ ಸರಿ ಎಂಬುದರ ಬಗ್ಗೆ ವೈದ್ಯಲೋಕ ಸುಮಾರು ಇನ್ನೂರು ವರ್ಷಗಳಿಂದ ವಾದ ಮಾಡುತ್ತಲೇ ಇದೆ.

ಕಾಲರಾ ಕಲಿಸಿದ್ದು

1831ರ ಕೊನೆಯಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ವಿಲಿಯಂ ಒಶಾನೆಸ್ಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಕಡಿಮೆಯಾಗಿವೆ ಎಂದು ತೋರಿಸಿದ. ಆಗಿನ ಚಿಕಿತ್ಸೆಯೋ, ಇದ್ದ ರಕ್ತವನ್ನೂ ಹೊರಗೆ ಬಿಡುವುದು! ಮರುವರ್ಷ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಾಟ್ಟಾ ಒಂದು ಹೆಜ್ಜೆ ಮುಂದೆ ಹೋದ. ಸಾವಿನಂಚಿನಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಅರ್ಧ ಗಂಟೆಯಲ್ಲಿ ಅವಳಿಗೆ ಜೀವ ಬಂತು, ಮಾತಾಡಿದಳು. ಲಾಟ್ಟಾ ಅವಳನ್ನು ಇನ್ನೊಬ್ಬರ ಸುಪರ್ದಿಗೆ ಬಿಟ್ಟು ಹೋದ. ಭೇದಿ ಮತ್ತೆ ಶುರುವಾಯಿತು, ಮತ್ತೆ ಯಾರೂ ನೀರು ಹರಿಸಲಿಲ್ಲ, ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಹೋದದ್ದನ್ನು ತುಂಬಿದರೆ ಸಾಲದು, ಹೋಗುತ್ತಿರುವುದನ್ನೂ ತುಂಬುತ್ತಲೇ ಇರಬೇಕು ಎಂಬ ಪಾಠ ಅಲ್ಲೇ ಇತ್ತು. ಲಾಟ್ಟಾ 1833ರಲ್ಲಿ ಸತ್ತ, ಅವನ ವಿಧಾನವೂ ಬಹುಕಾಲ ಮೂಲೆಗೆ ಬಿತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಅದನ್ನು ಮತ್ತೆ ಎತ್ತಿಕೊಂಡು ಕಾಲರಾ ಸಾವುಗಳನ್ನು ಗಣನೀಯವಾಗಿ ಇಳಿಸಿದರು.

ಬಾಯಿಯ ಮೂಲಕವೇ ಇದನ್ನು ಮಾಡಬಹುದು ಎಂದು ಮೊದಲು ಹೇಳಿದವರಲ್ಲಿ ಕಲ್ಕತ್ತೆಯವರೇ ಆದ ಹೇಮೇಂದ್ರನಾಥ ಚಟರ್ಜಿ ಒಬ್ಬರು. 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಯಾರೂ ಕಿವಿಗೊಡಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಸಣ್ಣಕರುಳಿನ ಗುಟ್ಟನ್ನು ಬಿಡಿಸಿದರು: ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಕರುಳಿನ ಗೋಡೆಯನ್ನು ದಾಟುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಕಾಲರಾದ ಭೇದಿ ಎಷ್ಟೇ ಇರಲಿ, ಈ ಏರ್ಪಾಡು ಕೆಡುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಉಪ್ಪು-ಗ್ಲೂಕೋಸಿನ ನೀರನ್ನು, ಅಂದರೆ ಇಂದಿನ ಓಆರ್‌ಎಸ್‌ನ ಮೂಲರೂಪವನ್ನು, ಕಾಲರಾ ರೋಗಿಗಳಿಗೆ ಕುಡಿಸಿ ಇದನ್ನು ಸಾಧಿಸಿ ತೋರಿಸಿದರು. ಆ ರೋಗಿಗಳು ಮಕ್ಕಳಲ್ಲ, ದೊಡ್ಡವರು. ಓಆರ್‌ಎಸ್ ಎಂದರೆ ಅಂಗನವಾಡಿ ಮಕ್ಕಳ ಔಷಧ, ಗಟ್ಟಿಮುಟ್ಟಾದ ಗಂಡಸಿಗೆ ಬಾಟಲಿಯೇ ಬೇಕು ಎಂದು ನಂಬಿರುವ ನಮ್ಮೂರುಗಳಲ್ಲಿ ಇದನ್ನು ಒತ್ತಿ ಹೇಳಬೇಕು.

1971ರ ಬಾಂಗ್ಲಾ ಯುದ್ಧ ಉಳಿದ ಸಂಶಯವನ್ನು ತೊಡೆಯಿತು. ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ ದೇಶ ಪದ್ಮವಿಭೂಷಣ ಕೊಟ್ಟಿತು.

ಗಣಿಯ ಬೆವರು, ಮರಳುಗಾಡಿನ ಬಾಯಾರಿಕೆ

ಕಾಲರಾದ್ದು ಒಂದು ಕವಲು. ಇನ್ನೊಂದು ಕವಲು ಬೆವರಿನದು. ಅದರ ಒಂದು ಬೇರು ನಮ್ಮ ಹಿತ್ತಿಲಲ್ಲೇ ಇದೆ. 2007ರವರೆಗೆ ಚಿಕ್ಕಬಳ್ಳಾಪುರ ಸೇರಿದ್ದ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆಯೇ ಸುಡುತ್ತದೆ. ಅಲ್ಲಿ ಕುಸಿದು ಬೀಳುತ್ತಿದ್ದ ಕಾರ್ಮಿಕರ ಬಗ್ಗೆ ಕೆಜಿಎಫ್‌ನ ವೈದ್ಯ ಎ. ಕ್ಯಾಪ್ಲನ್ 1944ರಲ್ಲಿ ವಿವರವಾದ ವಿಶ್ಲೇಷಣೆ ಪ್ರಕಟಿಸಿದರು. ಬಿಸಿಯಲ್ಲಿ ದುಡಿಯುವವರ ಆರೋಗ್ಯದ ಕುರಿತು ಬರೆಯುವವರು ಬಹಳ ಕಾಲ ಅದನ್ನು ಉಲ್ಲೇಖಿಸುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು. ಆ ಕುತೂಹಲವೂ ಅದರೊಂದಿಗೇ ಮುಚ್ಚಿಹೋಯಿತೇನೋ ಎನ್ನಿಸುತ್ತದೆ.

ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಬೆವರು ಸುರಿಸಿ, ಬರೀ ನೀರು ಕುಡಿದವರಿಗೆ ಮೈಕೈ ಸೆಟೆದುಕೊಳ್ಳುವ ನೋವು ಬರುವುದನ್ನು 1920ರ ದಶಕದಲ್ಲಿ ಮಾಸ್ ಮತ್ತು ಹಾಲ್ಡೇನ್ ಗಮನಿಸಿದರು. ನೀರಿಗೆ ಉಪ್ಪು ಬೆರೆಸಿದರೆ ನೋವು ಹೋಗುತ್ತಿತ್ತು. 1930ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ಮೆಕ್ಯಾನ್ಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ: ಉಪ್ಪಿಲ್ಲದ ಊಟ, ಬಲವಂತದ ಬೆವರು, ಬೇಕಾದಷ್ಟು ನೀರು. ಕೆಲವೇ ದಿನಗಳಲ್ಲಿ ಸುಸ್ತು, ಮಾಂಸಖಂಡದ ಸೆಳೆತ, ನಾಲಿಗೆಗೆ ರುಚಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ.

ಇಡೀ ಚರ್ಚೆಗೆ ಬೀಗದ ಕೈ ಇಲ್ಲಿದೆ. ಮೈ ಒಣಗುವುದು ಒಂದೇ ಬಗೆಯಲ್ಲಲ್ಲ. ಬರೀ ನೀರು ಕಡಿಮೆಯಾದಾಗ (ಮಲಗಿದ ಮುದುಕರು ಕುಡಿಯದೆ ಉಳಿದಾಗ, ಜ್ವರ ಕಾಯ್ದಾಗ) ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ, ಜೀವಕೋಶಗಳ ನೀರು ಹೊರಕ್ಕೆ ಬರುತ್ತದೆ, ಮಿದುಳು ಮಂಕಾಗುತ್ತದೆ. ಇವರಿಗೆ ಬೇಕಾದದ್ದು ನೀರು. ನೀರೂ ಉಪ್ಪೂ ಒಟ್ಟಿಗೆ ಹೋದಾಗ (ಭೇದಿ, ವಾಂತಿ, ಧಾರಾಕಾರ ಬೆವರು) ನಾಳಗಳಲ್ಲಿ ಓಡುವ ರಕ್ತದ ಪ್ರಮಾಣವೇ ತಗ್ಗುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ, ನಾಡಿ ಓಡುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಬಾಯಾರಿಕೆ ಮಾತ್ರ ಅಷ್ಟೊಂದು ಇರದೆಯೂ ಇರಬಹುದು. ಇವರಿಗೆ ಬರೀ ನೀರು ಸುರಿದರೆ ಉಳಿದ ಉಪ್ಪೂ ತೆಳುವಾಗುತ್ತದೆ. ನಾನು ಓದಿದ ಮಟ್ಟಿಗೆ, ಈ ಕ್ಷೇತ್ರದ ಅರ್ಧಕ್ಕರ್ಧ ಜಗಳಗಳು ಒಂದು ಬಗೆಯ ರೋಗಿಯನ್ನು ನೋಡಿದವರು ಇನ್ನೊಂದು ಬಗೆಯವರಿಗೆ ಬುದ್ಧಿ ಹೇಳಹೊರಟಿದ್ದರಿಂದ ಹುಟ್ಟಿದವು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಡ್ವರ್ಡ್ ಅಡಾಲ್ಫ್ ಮರುಭೂಮಿಯಲ್ಲಿ ಸೈನಿಕರನ್ನು ನಡೆಸಿ ಇನ್ನೊಂದು ಸಂಗತಿ ಕಂಡುಕೊಂಡರು. ಬೇಕಾದಷ್ಟು ನೀರು ಕೈಯಲ್ಲಿದ್ದರೂ ಬೆವರುವ ಮನುಷ್ಯ ಕಳೆದುಕೊಂಡಷ್ಟನ್ನು ಕುಡಿಯುವುದಿಲ್ಲ. ಊಟಕ್ಕೆ ಕೂತಾಗಲೇ ಬಾಕಿ ತೀರಿಸುತ್ತಾನೆ. ನೀರಿನಷ್ಟೇ ಊಟದ ಹೊತ್ತೂ ಮುಖ್ಯ ಎಂದಾಯಿತು.

ಗುರುತು ಹಿಡಿಯುವುದು ಹೇಗೆ?

ಇಲ್ಲಿ ಎರಡು ಪಂಗಡ. ಒಂದು, ಕಣ್ಣು-ಕೈ ನಂಬುವವರದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇವರ ಆಧಾರ: ಗುಳಿಬಿದ್ದ ಕಣ್ಣು, ಒಣಗಿದ ಬಾಯಿ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದೆ ಸರಿಯುವುದು, ನೀರು ಕಂಡರೆ ಆತುರ ಅಥವಾ ಕುಡಿಯಲೂ ಆಗದಷ್ಟು ನಿತ್ರಾಣ. ಭೇದಿಯ ರೋಗಿಗೆ, ಅದರಲ್ಲೂ ಮಕ್ಕಳಿಗೆ, ಇದು ಕೈಬಿಡದ ಪಟ್ಟಿ. ಹಳ್ಳಿಯ ಆಶಾ ಕಾರ್ಯಕರ್ತೆಗೂ ಬಳಸಲು ಬರುತ್ತದೆ. ಆದರೆ ಎಪ್ಪತ್ತು ದಾಟಿದವರ ಚರ್ಮ ಮೊದಲೇ ಸಡಿಲ. ಬಾಯಿ ತೆರೆದು ಉಸಿರಾಡುವವರ, ಮಾತ್ರೆ ನುಂಗುವವರ ಬಾಯಿ ಸದಾ ಒಣ. ಹಲ್ಲಿಲ್ಲದ ಬೊಚ್ಚುಬಾಯಿ ಅಜ್ಜನ ಕೆನ್ನೆಯೂ ಕಣ್ಣೂ ಗುಳಿಬಿದ್ದೇ ಇರುತ್ತವೆ.

ಎರಡನೇ ಪಂಗಡ ಅಳತೆಯನ್ನು ಮಾತ್ರ ನಂಬುತ್ತದೆ. 2015ರಲ್ಲಿ ಲೀ ಹೂಪರ್ ಮತ್ತು ಸಂಗಡಿಗರ ಕಾಕ್ರೇನ್ ಸಮೀಕ್ಷೆ, ವಯಸ್ಸಾದವರಲ್ಲಿ ನೀರಿನ ಕೊರತೆಯನ್ನು ಹಿಡಿಯಲು ಈ ಯಾವೊಂದು ಲಕ್ಷಣವನ್ನೂ ಒಂಟಿಯಾಗಿ ನೆಚ್ಚುವಂತಿಲ್ಲ ಎಂದು ತೀರ್ಮಾನಿಸಿತು. ಚರ್ಮದ ಚಿವುಟು, ಮೂತ್ರದ ಬಣ್ಣ, ಬಾಯಿಯ ಪಸೆ ಎಲ್ಲವೂ ಅದರಲ್ಲಿ ಬಂದವು. ಯುರೋಪಿನ ಪೋಷಣಾ ತಜ್ಞರ ಸಂಘವೂ ಅದೇ ಹಾದಿ ಹಿಡಿದು, ರಕ್ತದ ಆಸ್ಮೊಲಾಲಿಟಿ (ಅದರಲ್ಲಿ ಕರಗಿದ ಕಣಗಳ ಸಾಂದ್ರತೆ) 300 ದಾಟಿದೆಯೇ ನೋಡಿ ಎನ್ನುತ್ತದೆ. ಸರಿ, ಆದರೆ ಗುಡಿಬಂಡೆಯ ಅಂಚಿನ ಹಳ್ಳಿಯಲ್ಲಿ ಭಾನುವಾರ ರಾತ್ರಿ ಆಸ್ಮೊಲಾಲಿಟಿ ಎಲ್ಲಿ ನೋಡುವುದು?

ಮಧ್ಯದ ದಾರಿಯೊಂದಿದೆ. ಮಲಗಿದ್ದವರು ಎದ್ದು ನಿಂತಾಗ ನಾಡಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿತೇ, ಅಥವಾ ತಲೆಸುತ್ತಿನಿಂದ ನಿಲ್ಲಲೇ ಆಗಲಿಲ್ಲವೇ? ಸ್ಟೀವನ್ ಮೆಗೀ ಮತ್ತು ಸಂಗಡಿಗರು 1999ರಲ್ಲಿ ಸಾಕ್ಷ್ಯಗಳನ್ನೆಲ್ಲ ಜಾಲಾಡಿ, ದೊಡ್ಡವರ ಪರೀಕ್ಷೆಯಲ್ಲಿ ತೂಕವಿರುವ ಗುರುತು ಇದು ಎಂದರು. ಕಂಕುಳು ಒಣಗಿದ್ದರೆ ಅದೂ ಒಂದು ಸುಳಿವು. ಕೊನೆಯ ಸಲ ಮೂತ್ರ ಹೋದದ್ದು ಯಾವಾಗ, ಎಷ್ಟು? ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ತಡವರಿಸುತ್ತಿದ್ದಾಳೆಯೇ? ಮೂತ್ರದ ಬಣ್ಣವನ್ನು ತರುಣ ಕಾರ್ಮಿಕರು ತಮ್ಮ ಮಟ್ಟಿಗೆ ನೋಡಿಕೊಳ್ಳಬಹುದು, ಕಡು ಹಳದಿಗೆ ತಿರುಗಿದರೆ ಎಚ್ಚರ. ಆದರೆ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಆ ಲೆಕ್ಕ ಹಿಡಿಯದು. ಇದೆಲ್ಲಕ್ಕಿಂತ ಅಗ್ಗದ, ಯಾರೂ ಬಳಸದ ಸಾಧನ ತೂಕದ ಯಂತ್ರ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ 55 ಕಿಲೋ ಇದ್ದವರು ಸಂಜೆ 53.5 ಇದ್ದರೆ ಮೈಯಿಂದ ಸುಮಾರು ಒಂದೂವರೆ ಲೀಟರ್ ಹೋಗಿದೆ. ಗೂಡು ಮಾರುಕಟ್ಟೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವ ಊರಿನಲ್ಲಿ ಮನುಷ್ಯನನ್ನು ತೂಗಲು ಏನಡ್ಡಿ?

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಬಿಸಿಲಲ್ಲಿ ಬಿದ್ದವರು ಅಸಂಬದ್ಧ ಮಾತಾಡುತ್ತಿದ್ದರೆ, ಮೈ ಕೆಂಡದಂತಿದ್ದರೆ ಅದು ಬರೀ ನೀರಿನ ಕೊರತೆಯಲ್ಲ, ಶಾಖಾಘಾತ. ಆಗ ಮೊದಲ ಕೆಲಸ ನೀರು ಕುಡಿಸುವುದಲ್ಲ, ಮೈ ತಣಿಸುವುದು: ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಣ್ಣೀರು ಸುರಿಯುತ್ತಾ ಗಾಳಿ ಹಾಕುವುದು, 108ಕ್ಕೆ ಕರೆ ಮಾಡುವುದು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಪ್ಯಾರಾಸಿಟಮಾಲ್ ಇದಕ್ಕೆ ಉಪಯೋಗವಿಲ್ಲ.

ಎಷ್ಟು ಕುಡಿಯಬೇಕು?

ದಿನಕ್ಕೆ ಎಂಟು ಲೋಟ ಎಂಬ ಸೂತ್ರದ ಮೂಲವನ್ನು ಹುಡುಕಿಹೊರಟ ಅಮೆರಿಕದ ಮೂತ್ರಪಿಂಡ ತಜ್ಞ ಹೈಂಜ್ ವಾಲ್ಟಿನ್‌ಗೆ 2002ರಲ್ಲಿ ಅದಕ್ಕೆ ಗಟ್ಟಿ ಆಧಾರವೇ ಸಿಗಲಿಲ್ಲ. 1945ರ ಒಂದು ಅಮೆರಿಕನ್ ಶಿಫಾರಸು ಎರಡೂವರೆ ಲೀಟರ್ ಎಂದಿತ್ತು, ಅದರ ಬಹುಪಾಲು ಊಟದಲ್ಲೇ ಇರುತ್ತದೆ ಎಂದು ಪಕ್ಕದಲ್ಲೇ ಬರೆದಿತ್ತು. ಜನ ಮೊದಲ ವಾಕ್ಯ ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು. ಮುದ್ದೆ, ಬಸ್ಸಾರು, ಮಜ್ಜಿಗೆ ಉಣ್ಣುವವರ ತಟ್ಟೆಯಲ್ಲಿ ಬ್ರೆಡ್ಡು ತಿನ್ನುವವರದ್ದಕ್ಕಿಂತ ಹೆಚ್ಚು ನೀರಿರುತ್ತದೆ ಎಂಬುದನ್ನು ಆ ಸೂತ್ರ ಎಣಿಸುವುದೂ ಇಲ್ಲ.

ಗಡಿಯಾರ ನೋಡಿ ಕುಡಿಯಿರಿ ಎಂಬ ಪಂಥ ಅಡಾಲ್ಫ್ ಪರಂಪರೆಯದು. ಬಾಯಾರಿಕೆ ತಡವಾಗಿ ಎಚ್ಚರಿಸುತ್ತದೆ, ಅದಕ್ಕೆ ಕಾಯಬೇಡಿ ಎನ್ನುತ್ತದೆ. ಇದು ಓಟಗಾರರ ಲೋಕಕ್ಕೆ ಹೋಗಿ, ಹೊಟ್ಟೆ ಹಿಡಿಸುವಷ್ಟು ಕುಡಿಯಿರಿ ಎಂಬ ಉಪದೇಶವಾಯಿತು. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ 1980ರ ದಶಕದಿಂದ ಎದುರು ನಿಂತರು: ದೂರದ ಓಟದಲ್ಲಿ ಕೆಲವರು ಕುಸಿಯುವುದು ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ; ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಂಡು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ತಗ್ಗಿತ್ತು ಎಂದು 2005ರಲ್ಲಿ ಪ್ರಕಟವಾದಾಗ ಅವರ ಮಾತಿಗೆ ಬಲ ಬಂತು. ಬಾಯಾರಿದಾಗ ಕುಡಿಯಿರಿ, ಸಾಕು ಎಂಬುದು ಈ ಪಂಥ.

ನನಗೆ ಎರಡೂ ಅರ್ಧ ಸತ್ಯ ಎನ್ನಿಸುತ್ತದೆ. ಬಾಯಾರಿಕೆಯ ಮಾತು ಕೇಳುವುದಕ್ಕೆ ಎರಡು ಷರತ್ತುಗಳಿವೆ: ಬಾಯಾರಿಕೆ ಹುಟ್ಟಬೇಕು, ಹುಟ್ಟಿದಾಗ ಎದ್ದುಹೋಗಿ ಕುಡಿಯುವ ಸ್ವಾತಂತ್ರ್ಯ ಇರಬೇಕು. ಮೊದಲನೆಯದು ಮುಪ್ಪಿನಲ್ಲಿ ಕುಗ್ಗುತ್ತದೆ. 1984ರಲ್ಲಿ ಆರೋಗ್ಯವಂತ ವೃದ್ಧರನ್ನು 24 ಗಂಟೆ ನೀರಿಲ್ಲದೆ ಇರಿಸಿ ನೋಡಿದಾಗ, ಅವರು ತರುಣರಿಗಿಂತ ಕಡಿಮೆ ಬಾಯಾರಿ, ನೀರು ಕೊಟ್ಟ ಮೇಲೂ ಕಡಿಮೆಯೇ ಕುಡಿದರು. ಅಂಥವರಿಗೆ ಗಡಿಯಾರವೇ ಸರಿ. ಯುರೋಪಿನ ಮಾರ್ಗಸೂಚಿ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6, ಗಂಡಸರಿಗೆ 2 ಲೀಟರ್ ಪಾನೀಯ ಎನ್ನುತ್ತದೆ. ಕಾಫಿ-ಟೀಯೂ ಅದರಲ್ಲಿ ಸೇರುತ್ತದೆ. ಎರಡನೆಯ ಷರತ್ತು ದುಡಿಯುವ ಹೆಂಗಸರ ಪಾಲಿಗೆ ಸಲ್ಲುವುದಿಲ್ಲ. ಸೇವಂತಿಗೆ ತೋಟದಲ್ಲಿ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಲ್ಲಿ, ಸಂತೆಯಲ್ಲಿ ಶೌಚಾಲಯ ಇಲ್ಲವೆಂದು ಬೆಳಗಿನಿಂದ ನೀರೇ ಮುಟ್ಟದ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ? ಬೇಕೆಂದೇ ಬಾಯಾರಿಕೆ ನುಂಗಿದವರಿಗೆ ಬಾಯಾರಿಕೆಯ ಸಿದ್ಧಾಂತ ಹೇಳಿ ಏನು ಪ್ರಯೋಜನ? ಉರಿಮೂತ್ರ, ಸೋಂಕು, ಮೂತ್ರಪಿಂಡದ ಕಲ್ಲು ಇವರ ಪಾಲಿನ ಬಡ್ಡಿ. ಹೆಚ್ಚು ಕುಡಿಯುವುದಕ್ಕೆ ಗಟ್ಟಿ ಸಾಕ್ಷ್ಯ ಇರುವುದು ಕಲ್ಲಿನ ವಿಷಯದಲ್ಲೇ. 1996ರ ಇಟಲಿಯ ಅಧ್ಯಯನದಲ್ಲಿ ದಿನಕ್ಕೆ 2 ಲೀಟರ್ ಮೂತ್ರ ಬರುವಷ್ಟು ಕುಡಿದವರಲ್ಲಿ ಐದು ವರ್ಷದೊಳಗೆ ಕಲ್ಲು ಮರುಕಳಿಸಿದ್ದು ನೂರಕ್ಕೆ 12 ಮಂದಿಗೆ, ಉಳಿದವರಲ್ಲಿ 27.

ಬಿಸಿಯಲ್ಲಿ ದುಡಿಯುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ ಬಳಸಲು ಸುಲಭ: 15-20 ನಿಮಿಷಕ್ಕೊಂದು ಲೋಟ, ಗಂಟೆಗೆ ಹೆಚ್ಚೆಂದರೆ ಒಂದೂವರೆ ಲೀಟರಿನೊಳಗೆ. ಕೆಲಸ ಕೆಲವು ಗಂಟೆ ದಾಟಿದರೆ ಉಪ್ಪೂ ಒಳಕ್ಕೆ ಹೋಗಬೇಕು. ಹೃದಯ ಸೋತವರು, ಮೂತ್ರಪಿಂಡ ಕೆಟ್ಟವರು ಮಾತ್ರ ತಮ್ಮ ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು.

ಬಾಟಲಿಯ ಮೋಹ

ಈಗ ಮೊದಲು ಕಂಡ ಕ್ಲಿನಿಕ್ಕಿನ ಆ ಬೆಂಚಿಗೆ ಬರೋಣ. ‘ಗ್ಲೂಕೋಸ್ ಹಾಕಿ’ ಎಂದವರಿಗೆ ಏರುವ 500 ಮಿಲಿಯ 5% ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಸುಮಾರು ನೂರು ಕ್ಯಾಲೊರಿ. ಒಂದು ಬಾಳೆಹಣ್ಣಿನ ಶಕ್ತಿ. ಉಪ್ಪು ಸೊನ್ನೆ. ನಾರ್ಮಲ್ ಸಲೈನ್ ಆದರೆ ನಾಲ್ಕೂವರೆ ಗ್ರಾಂ ಉಪ್ಪು. ಎರಡನ್ನೂ ಬಾಯಿಂದ ಕುಡಿಯಬಲ್ಲವರಿಗೆ ಕುಡಿಸಿದರೂ ಅಷ್ಟೇ ಗುಣ.

ಆದರೆ ಮತ್ತೊಂದು ಮಗ್ಗುಲಿನ ಲೆಕ್ಕ ನೋಡಿ. ಭೇದಿಯಿಂದ ನಿಜಕ್ಕೂ ಜೀವ ಹೋಗುವ ಸ್ಥಿತಿಗೆ ಬಂದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕಿಲೋ ತೂಕಕ್ಕೆ 100 ಮಿಲಿ: 50 ಕಿಲೋ ಮನುಷ್ಯನಿಗೆ 5 ಲೀಟರ್. ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯಲ್ಲಿ, ಉಳಿದದ್ದು ಮುಂದಿನ ಎರಡೂವರೆ ಗಂಟೆಯಲ್ಲಿ. ಅಂದರೆ ಹತ್ತು ಬಾಟಲಿ. ನಮ್ಮೂರ ಒಂಟಿ ಬಾಟಲಿ ಬೇಡದವರಿಗೆ ಹೆಚ್ಚು, ಬೇಕಾದವರಿಗೆ ಏನೇನೂ ಸಾಲದು. ಆದರೂ ಅದು ಬದುಕಿದೆ. ಯಾಕೆಂದರೆ ಅದು ಕಣ್ಣಿಗೆ ಕಾಣುವ ಚಿಕಿತ್ಸೆ. ಒಂದು ಗಂಟೆ ಮಲಗಲು ಸಿಗುವ ಪರವಾನಗಿಯೂ ಹೌದು. ಕೂಲಿ ಬಿಟ್ಟು ನೆರಳಲ್ಲಿ ಮಲಗಿದ ಆ ಗಂಟೆಯೇ ಅರ್ಧ ಗುಣ ಮಾಡಿರುತ್ತದೆ ಎಂಬುದು ನನ್ನ ಗುಮಾನಿ.

ರಕ್ತನಾಳಕ್ಕೆ ನೀರು ಬೇಕಾಗುವುದು ಯಾವಾಗ? ನಿಲ್ಲದ ವಾಂತಿ, ಮಂಪರು, ಸಿಗದ ನಾಡಿ, ಆರೆಂಟು ಗಂಟೆಯಿಂದ ಮೂತ್ರವೇ ಇಲ್ಲ ಎಂಬಾಗ ತಡಮಾಡದೆ ಆಸ್ಪತ್ರೆಗೆ. ಭೇದಿಯಲ್ಲಿ ರಕ್ತವಿದ್ದರೂ ಅಷ್ಟೇ. ಡೆಂಗಿಯಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಅಲ್ಲಿ ರಕ್ತನಾಳವೇ ಸೋರುತ್ತಿರುತ್ತದೆ, ಸುರಿದದ್ದು ಶ್ವಾಸಕೋಶದ ಸುತ್ತ ನಿಲ್ಲಬಹುದು. ಜ್ವರಕ್ಕೆಲ್ಲ ಬಾಟಲಿ ಎನ್ನುವವರು ಇದನ್ನು ನೆನಪಿಡಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿತ್ತು. ಅದೇ ವರ್ಷ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ರಿಂಗರ್ ಲ್ಯಾಕ್ಟೇಟ್ ಎಂಬ, ನಾಳಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದು, ಆ ಸರಬರಾಜಿನ ಬಳಕೆಯನ್ನು ತಡೆಯಬೇಕಾಯಿತು. ನಾಳಕ್ಕೆ ಹೋಗುವ ನೀರು ಬಾಯಿಗೆ ಹೋಗುವ ನೀರಿನಷ್ಟು ನಿರಪಾಯವಲ್ಲ.

ಓಆರ್‌ಎಸ್‌ಗೂ ತನ್ನದೇ ತಗಾದೆ ಇದೆ. 2002ರಿಂದ ಜಗತ್ತು ಒಪ್ಪಿರುವ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಅಂಗಡಿಯಲ್ಲಿ ಇದೇ ಹೆಸರು ಹೊತ್ತು ಕೂತಿದ್ದ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯುವುದನ್ನು ನಿಷೇಧಿಸಿತು. ಸರಿಯಾದ ಪೊಟ್ಟಣ ಕೊಂಡವರೂ ತಪ್ಪುವುದು ಕಲಸುವಾಗ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಭೇದಿ ಹೆಚ್ಚುತ್ತದೆ. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿಲಿಗೆ, ಪೂರ್ತಿ ಒಮ್ಮೆಗೇ, 24 ಗಂಟೆಯೊಳಗೆ ಮುಗಿಸಬೇಕು. ಪೊಟ್ಟಣವಿಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಶುರು. ಸಕ್ಕರೆ ಕಾಯಿಲೆಯವರೂ ಭೇದಿಯಾದಾಗ ಇದಕ್ಕೆ ಹೆದರಬೇಕಿಲ್ಲ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಕೆಲವು ಸಕ್ಕರೆ ಮಾತ್ರೆಗಳನ್ನು ವಾಂತಿ-ಭೇದಿಯ ದಿನ ನಿಲ್ಲಿಸಬೇಕೇ? ಇದನ್ನು ಕಾಯಿಲೆ ಬೀಳುವ ಮೊದಲೇ ವೈದ್ಯರ ಹತ್ತಿರ ಕೇಳಿಟ್ಟುಕೊಳ್ಳಬೇಕು.

ಅಂಬಲಿ, ಎಳನೀರು, ಉಷ್ಣ

ನಮ್ಮ ಮನೆಗಳ ಶಾಸ್ತ್ರ ಬೇರೆ. ಉರಿಮೂತ್ರ, ಬಾಯಿಹುಣ್ಣು, ಕಣ್ಣುರಿ, ತಲೆಭಾರ ಎಲ್ಲವೂ ಉಷ್ಣ. ಮದ್ದು: ನೆತ್ತಿಗೆ ಹರಳೆಣ್ಣೆ, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ, ಎಳನೀರು. ಈ ಶಾಸ್ತ್ರ ಸೋಂಕನ್ನೂ ನೀರಿನ ಕೊರತೆಯನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ ಎಂಬ ದೋಷ ಇದೆ. ಆದರೆ ಬೇಗ ಎಚ್ಚರಿಸುತ್ತದೆ, ಸುಮ್ಮನೆ ಕೂತು ತಣ್ಣಗಾಗು ಎನ್ನುತ್ತದೆ. ಎಳನೀರಿಗೆ ಸಿಗುವ ಹೊಗಳಿಕೆ ಸ್ವಲ್ಪ ಅತಿಯಾಯಿತು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಬೆವರಲ್ಲೂ ಭೇದಿಯಲ್ಲೂ ಮುಖ್ಯವಾಗಿ ಹೋಗುವುದು ಸೋಡಿಯಂ. ಚಿಟಿಕೆ ಉಪ್ಪಿಲ್ಲದೆ ಅದು ಅರ್ಧ ಮದ್ದು, ಮೂತ್ರಪಿಂಡ ಕೆಟ್ಟವರಿಗಂತೂ ಆ ಪೊಟ್ಯಾಸಿಯಂ ಅಪಾಯ.

ಉಪ್ಪು-ಮಜ್ಜಿಗೆ ಬೆರೆತ ರಾಗಿ ಅಂಬಲಿಯ ಪಕ್ಷ ವಹಿಸಲು ನನಗೆ ಹೆಚ್ಚು ಕಾರಣಗಳಿವೆ. ಅದರಲ್ಲಿ ನೀರಿದೆ, ಉಪ್ಪಿದೆ, ನಿಧಾನಕ್ಕೆ ಗ್ಲೂಕೋಸ್ ಬಿಡುವ ಹಿಟ್ಟಿದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಗೊತ್ತೇ ಇದೆ. ಇಲ್ಲಿಂದ ಕೆಲವೇ ಗಂಟೆಗಳ ದಾರಿಯ ವೆಲ್ಲೂರು ಸಿಎಂಸಿಯಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಸುಲಭಕ್ಕೆ ಅರಗದ ಪಿಷ್ಟವನ್ನು ಓಆರ್‌ಎಸ್‌ಗೆ ಬೆರೆಸಿದಾಗ, ಹದಿಹರೆಯದ ಮತ್ತು ವಯಸ್ಕ ಕಾಲರಾ ರೋಗಿಗಳ ಭೇದಿ ಬೇಗ ನಿಂತಿತು. ಅದು 2000ದಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಮೆಕ್ಕೆಜೋಳದ ಪಿಷ್ಟ, ರಾಗಿಯದಲ್ಲ.

ನೀರೇ ತೊಡಕಾದರೆ

ಹೆಚ್ಚು ಕುಡಿಯಿರಿ ಎನ್ನುವವರು ಯಾವ ನೀರು ಎಂದು ಹೇಳುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ ಇಲ್ಲೇ ಹುಟ್ಟಿಯೂ ಇಲ್ಲಿ ಒಣಗಿವೆ. ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ನಮ್ಮ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿಲ್ಲದಿದ್ದರೆ 1.5. ಬೋರಿನಲ್ಲಿ 2 ಮಿಲಿಗ್ರಾಂ ಇದೆ ಎನ್ನಿ. ಮನೆಯಲ್ಲಿ ಕೂತು 2 ಲೀಟರ್ ಕುಡಿದವರಿಗೆ ದಿನಕ್ಕೆ 4 ಮಿಲಿಗ್ರಾಂ, ಕ್ವಾರಿಯಲ್ಲಿ 5 ಲೀಟರ್ ಕುಡಿದವರಿಗೆ 10. ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಹಾನಿಯ ಸೂಚನೆಗಳಿವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಕೊಳಾಯಿಯ ನೀರು ಕುಡಿದರೂ ಹೆಚ್ಚು ಬೆವರಿದವರಿಗೆ ಹೆಚ್ಚು ವಿಷ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ಹಾಗಾಗಿ ಊರೂರಿನ ಶುದ್ಧ ನೀರಿನ ಘಟಕ, ಅದರ ನಾಣ್ಯ, ಅದರ ಕೆಟ್ಟುಹೋದ ಮೋಟಾರು ಎಲ್ಲವೂ ಈ ವೈದ್ಯಕೀಯ ಪ್ರಶ್ನೆಯ ಭಾಗ.

ಬೋರ್‌ವೆಲ್ಲುಗಳಿಗೆ ಅಂತರ್ಜಲ ಏರಲೆಂದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ಕೋಲಾರದ ಕೆರೆಗಳನ್ನೂ ಚಿಂತಾಮಣಿಯ ಕೆಲವು ಕೆರೆಗಳನ್ನೂ ತುಂಬಿಸುತ್ತಿದೆ, ಅಂಥದ್ದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಬರುತ್ತದೆ. ಅಂತರ್ಜಲ ಏರಿತು ಎನ್ನುವವರೂ, ಮೂರನೇ ಹಂತದ ಶುದ್ಧೀಕರಣವಿಲ್ಲದೆ ಬೇಡ ಎನ್ನುವ ಹೋರಾಟಗಾರರೂ ಇದ್ದಾರೆ. ಎತ್ತಿನಹೊಳೆ ಯೋಜನೆಯ ನೀರಿಗೆ ಜಿಲ್ಲೆ ಕಾಯುತ್ತಿದೆ.

ಮೂತ್ರಪಿಂಡದ ಒಗಟು, ಮುಗಿಯದ ಲೆಕ್ಕ

ಮತ್ತೆ ಮತ್ತೆ ಒಣಗಿದರೆ ಮೂತ್ರಪಿಂಡ ಶಾಶ್ವತವಾಗಿ ಕೆಡುತ್ತದೆಯೇ? 2002ರಲ್ಲಿ ಎಲ್ ಸಾಲ್ವಡೋರಿನ ವೈದ್ಯರು ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ ಕೂಲಿಯವರಲ್ಲಿ ಕಾಣುವ ಮೂತ್ರಪಿಂಡ ವೈಫಲ್ಯದ ಬಗ್ಗೆ ಬರೆದಂದಿನಿಂದ ಈ ಪ್ರಶ್ನೆ ಜೀವಂತವಾಗಿದೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಬಿಸಿ ಮತ್ತು ದುಡಿಮೆಯೇ ಕಾರಣ ಎನ್ನುವವರ ಕೈ ಮೇಲಾಗಿದೆ. ಆಂಧ್ರದ ಉದ್ದಾನಂ ಸೀಮೆಯ ಇಂಥದ್ದೇ ಕಾಯಿಲೆಗೆ ನೀರು, ಕೀಟನಾಶಕ, ಲೋಹ, ವಂಶವಾಹಿ ಎಂದು ಒಬ್ಬೊಬ್ಬರದು ಒಂದೊಂದು ಊಹೆ. ಫ್ಲೋರೈಡ್ ನೀರು, ಕೀಟನಾಶಕ, ಬಿಸಿ ಮೂರೂ ಒಂದೇ ಹೊಲದಲ್ಲಿ ಕೂಡುವ ನಮ್ಮಂಥ ಕಡೆ ಅವನ್ನು ಬಿಡಿಸಿ ನೋಡುವುದು ಹೇಗೆ ಎಂಬುದಕ್ಕೆ ಒಪ್ಪಿತ ವಿಧಾನವಿಲ್ಲ. ಬಾಯಾರಿದ ಇಲಿಗಳಿಗೆ ಸಿಹಿ ಪಾನೀಯ ಕೊಟ್ಟರೆ ಮೂತ್ರಪಿಂಡ ಇನ್ನಷ್ಟು ಹದಗೆಟ್ಟಿತು. ಮಧ್ಯಾಹ್ನದ ಕೂಲ್‌ಡ್ರಿಂಕ್ ಮನುಷ್ಯರಲ್ಲೂ ಹಾಗೇ ಮಾಡುತ್ತದೆಯೇ ಎಂಬುದು ಇತ್ಯರ್ಥವಾಗಿಲ್ಲ.

ಉಪ್ಪಿನ ಜಗಳವೂ ಬಾಕಿ. ಬೆವರಿನ ಪ್ರತಿ ಲೀಟರಿನಲ್ಲಿ ಸುಮಾರು 1ರಿಂದ 4 ಗ್ರಾಂ ಉಪ್ಪು ಹೋಗುತ್ತದೆ. ದಿನಕ್ಕೆ 5 ಗ್ರಾಂ ಮೀರಬೇಡಿ ಎಂಬುದು ಬಿಪಿ ತಡೆಯುವವರ ಮಾತು. ಬಿಪಿ ಇರುವ ಹಮಾಲರಿಗೆ ಯಾವ ತಿಂಗಳಲ್ಲಿ ಎಷ್ಟು? ಬಿಸಿಗೆ ಹೊಂದಿಕೊಂಡ ಮೈ ಒಂದೆರಡು ವಾರದಲ್ಲಿ ಬೆವರಿನ ಉಪ್ಪನ್ನು ತಾನೇ ಉಳಿಸಿಕೊಳ್ಳಲು ಕಲಿಯುತ್ತದೆ, ಹಾಗಾಗಿ ಉತ್ತರ ವಾರದಿಂದ ವಾರಕ್ಕೂ ಬದಲಾದೀತು. ರಕ್ತನಾಳಕ್ಕೆ ಹಾಕುವಾಗ ಸಲೈನ್ ಮೇಲೋ ರಿಂಗರ್ ಲ್ಯಾಕ್ಟೇಟ್ ಮೇಲೋ ಎಂಬುದರ ಬಗ್ಗೆ ದೊಡ್ಡ ದೊಡ್ಡ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ರಕ್ತಪರೀಕ್ಷೆಯಿಲ್ಲದೆ ವೃದ್ಧರ ನೀರಿನ ಕೊರತೆ ಹಿಡಿಯುವ ಮನೆಮಟ್ಟದ ಪರೀಕ್ಷೆ ಇನ್ನೂ ರೂಪುಗೊಳ್ಳಬೇಕಿದೆ.

ಇವೆಲ್ಲಕ್ಕಿಂತ ಹತ್ತಿರದ್ದು, ಯಾರೂ ಒಪ್ಪಂದಕ್ಕೆ ಬರದದ್ದು ಬಿಡುವಿನ ಪ್ರಶ್ನೆ. ನಿಕರಾಗುವಾ, ಎಲ್ ಸಾಲ್ವಡೋರಿನ ಕಬ್ಬಿನ ಗದ್ದೆಗಳಲ್ಲಿ ನೀರು, ನೆರಳು, ವಿರಾಮ ಮೂರನ್ನೂ ಒಟ್ಟಿಗೆ ಕೊಟ್ಟಾಗ ಮೂತ್ರಪಿಂಡದ ಪೆಟ್ಟು ತಗ್ಗಿತು. ಬರೀ ನೀರು ಸಾಲಲಿಲ್ಲ. ಅಲ್ಲಿನದು ತೆರೆದ ಬಯಲಿನ ಬಿಸಿಲು. ಶಿಡ್ಲಘಟ್ಟದ್ದು ಹಬೆ ತುಂಬಿದ ಕೋಣೆ. ಅಲ್ಲಿ ಬೆವರು ಆರುವುದೇ ಇಲ್ಲ, ನೆರಳು ಮೊದಲೇ ಇದೆ, ತಣಿಯುವ ಗಾಳಿ ಇಲ್ಲ. ಹವಾಮಾನ ಇಲಾಖೆಯ 40 ಡಿಗ್ರಿಗೆ ಬದಲು ಆ ಕೋಣೆಗೆ ಯಾವ ಅಳತೆ ಇರಬೇಕು, ಗೂಡು ಬೇಯುವ ಬೇಸಿನ್ ಮುಂದಿನಿಂದ ಎಷ್ಟು ಹೊತ್ತಿಗೊಮ್ಮೆ ಎದ್ದು ಹೊರಗೆ ಬರಬೇಕು, ಬಿಚ್ಚಿದ ನೂಲಿನ ಲೆಕ್ಕದಲ್ಲೇ ದುಡಿಯುವವರ ಆ ಹೊತ್ತಿನ ಕೂಲಿಯನ್ನು ಯಾರು ಕೊಡಬೇಕು ಎಂಬುದನ್ನು ವೈದ್ಯರು ಒಬ್ಬರೇ ತೀರ್ಮಾನಿಸಲಾರರು. ಕಾರ್ಮಿಕ ಇಲಾಖೆ, ರೇಷ್ಮೆ ಇಲಾಖೆ, ಘಟಕಗಳ ಮಾಲೀಕರು ಮತ್ತು ಆ ಬೇಸಿನ್ ಮುಂದೆ ಕೂರುವವರು ಒಂದೇ ಮೇಜಿಗೆ ಬಂದು ಈ ಲೆಕ್ಕ ಹಾಕಬೇಕಿದೆ.